ನಗಿಸುವ ವೈಜ್ಞಾನಿಕ ಕಾದಂಬರಿ ಇದ್ದರೆ ಹೇಳಿ

ಮಾನ್ಯರೇ,

ಡಗ್ಲಾಸ್ ಆಡಮ್ಸ್ ಅವರ 'ದಿ ಹಿಚ್‌ಹೈಕರ್ಸ್ ಗೈಡ್ ಟು ದಿ ಗ್ಯಾಲಕ್ಸಿ' ನಮ್ಮೂರ ಗ್ರಂಥಾಲಯದಲ್ಲಿ ನನಗೆ ಸಿಕ್ಕಿದ್ದು ಪ್ರವಾಸದ ಪುಸ್ತಕಗಳ ಕಪಾಟಿನಲ್ಲಿ, ಚಾರ್‌ಧಾಮ್ ಯಾತ್ರೆಯ ಕೈಪಿಡಿ ಪಕ್ಕ. ಹೆಸರಲ್ಲಿ ಗೈಡ್ ಇದೆಯಲ್ಲ, ಪಾಪ!

1978ರಲ್ಲಿ ಬಿಬಿಸಿ ರೇಡಿಯೊ ನಾಟಕವಾಗಿ ಶುರುವಾಗಿ ಮರುವರ್ಷ ಕಾದಂಬರಿಯಾದ ಕಥೆ ಇದು. ಬೈಪಾಸ್ ರಸ್ತೆಗಾಗಿ ಮನೆ ಕೆಡವಲು ಬಂದ ಬುಲ್ಡೋಜರ್ ಎದುರು ನಾಯಕ ಕೆಸರಲ್ಲಿ ಮಲಗುತ್ತಾನೆ. ಅಷ್ಟರಲ್ಲಿ ಅಂತರಿಕ್ಷದ ಬೈಪಾಸಿಗೆ ಅಡ್ಡ ಎಂದು ಭೂಮಿಯನ್ನೇ ಕೆಡವಿಬಿಡುತ್ತಾರೆ. ರಸ್ತೆ ಅಗಲ ಮಾಡಲು ನಮ್ಮ ಕಾಂಪೌಂಡಿಗೂ ಕೆಂಪು ಗುರುತು ಬಿದ್ದಿದೆ. ಹಾಗಾಗಿ ನನಗೆ ನಗು ಸ್ವಲ್ಪ ಜಾಸ್ತಿಯೇ ಬಂತು. ಅದರಲ್ಲಿ ಕಂಪ್ಯೂಟರೊಂದು 75 ಲಕ್ಷ ವರ್ಷ ಯೋಚಿಸಿ, ಬದುಕಿನ ಪ್ರಶ್ನೆಗೆ ಉತ್ತರ 42 ಎನ್ನುತ್ತದೆ. ಲೆಕ್ಕದ ಹೆಜ್ಜೆ ತೋರಿಸದ ಆ ಉತ್ತರಕ್ಕೆ ನಾನಾಗಿದ್ದರೆ ಅರ್ಧ ಅಂಕವೂ ಕೊಡುತ್ತಿರಲಿಲ್ಲ.

ಆಮೇಲೆ ಕಾನಿ ವಿಲ್ಲಿಸ್ ಅವರ 'ಟು ಸೇ ನಥಿಂಗ್ ಆಫ್ ದ ಡಾಗ್' ಓದಿದೆ. ಒಂದು ವಿಕಾರ ಹೂದಾನಿ ಹುಡುಕುತ್ತಾ ಕಾಲದಲ್ಲಿ ಹಿಂದೆ ಮುಂದೆ ಓಡಾಡುವವರ ಫಜೀತಿ. ಚೆನ್ನಾಗಿದೆ.

ಈಗ ಮುಂದೇನು ಓದಲಿ? ಕನ್ನಡದಲ್ಲಿ ತೇಜಸ್ವಿಯವರ 'ಕರ್ವಾಲೊ' ಎಷ್ಟನೇ ಸಲವೋ ಓದಿಯಾಯ್ತು. ಮಂದಣ್ಣ ಈಗಲೂ ನಗಿಸುತ್ತಾನೆ. ಆದರೆ ಅದರಲ್ಲಿ ರಾಕೆಟ್ ಇಲ್ಲ, ನನಗೆ ರಾಕೆಟ್ಟೂ ಬೇಕು! ನಮ್ಮ ಲೇಖಕರು ರಾಕೆಟ್ ಹತ್ತಿದ ಕೂಡಲೇ ಯಾಕೋ ಗಂಭೀರವಾಗಿಬಿಡುತ್ತಾರೆ. ಓದುಗರಿಗೆ ಬೇರೆ ಹೆಸರು ಗೊತ್ತಿದ್ದರೆ ಇದೇ ಅಂಕಣಕ್ಕೆ ಬರೆಯಲಿ. ಯಾವ ಕಪಾಟಿನಲ್ಲಿ ಹುಡುಕಬೇಕೆಂದೂ ತಿಳಿಸಿದರೆ ಉಪಕಾರ.

— ನಿವೃತ್ತ ಗಣಿತ ಮೇಷ್ಟ್ರು, ತಿಪಟೂರು