ಅವ್ವ ಹುಲಿ ಬಾಯಿಂದ ಈಚೆ ಬಂದಳು

ಸರ್ಬಿಟನ್, ಲಂಡನ್ ಹತ್ತಿರ
ಆಗಸ್ಟ್ ತಿಂಗಳು, ಭಾನುವಾರ ರಾತ್ರಿ

ತೀರ್ಥರೂಪು ಅಪ್ಪಾಜಿಯವರಿಗೆ, ನಿಮ್ಮ ಮಗ ಮಾಡುವ ನಮಸ್ಕಾರಗಳು.

ನಾವೆಲ್ಲ ಚೆನ್ನಾಗಿದ್ದೇವೆ. ಅವ್ವನೂ ಚೆನ್ನಾಗಿದ್ದಾಳೆ. ಫೋನಿನಲ್ಲಿ ಹೇಳಿದರೆ ನಿಮಗೆ ಅರ್ಧ ಕೇಳಿಸುತ್ತೆ, ಉಳಿದರ್ಧಕ್ಕೆ ಸುಮ್ನೆ "ಹ್ಞೂಂ ಹ್ಞೂಂ" ಅಂದುಬಿಡುತ್ತೀರಿ. ಈ ಸಮಾಚಾರ ಹಾಗೆ ಅರ್ಧಂಬರ್ಧ ತಲುಪಬಾರದು ಅಂತ ಕಾಗದ ಬರೆಯುತ್ತಿದ್ದೇನೆ. ಲಕೋಟೆಯೊಳಗೆ ಒಂದು ಫೋಟೋ ಇದೆ. ಈಗಲೇ ತೆಗೆಯಬೇಡಿ. ಓದಿ ಮುಗಿಸಿ, ಆಮೇಲೆ ನೋಡಿ.

ನಿನ್ನೆ ಎಲ್ಲರೂ ಚೆಸಿಂಗ್ಟನ್ ಅನ್ನೋ ಕಡೆ ಹೋಗಿದ್ದೆವು. 1931ರಲ್ಲಿ ಬರೀ ಝೂ ಆಗಿ ಶುರುವಾದ ಜಾಗ ಅದು. 1987ರಲ್ಲಿ ಆಟದ ಬಂಡಿಗಳನ್ನೂ ಸೇರಿಸಿ ದೊಡ್ಡ ಪಾರ್ಕು ಮಾಡಿದರು. ಒಂದೇ ಟಿಕೆಟ್ಟಿಗೆ ಗೊರಿಲ್ಲಾನೂ ನೋಡಬಹುದು, ಕರುಳು ಬಾಯಿಗೆ ಬರೋ ಹಾಗೆ ತಿರುಗಲೂಬಹುದು. ಆ ಟಿಕೆಟ್ ಎಷ್ಟು ಅಂತ ಅವ್ವನಿಗೆ ಹೇಳಿಲ್ಲ. ನಿಮಗೂ ಹೇಳಲ್ಲ.

ಅವ್ವನಿಗೆ ಇದರಲ್ಲಿ ಹೊಸದೇನೂ ಕಾಣಲಿಲ್ಲ. "ದಸರಾಕ್ಕೆ ಮೈಸೂರಿಗೆ ಹೋದಾಗ ನಾವು ಮಾಡ್ತಿದ್ದದ್ದೂ ಅದೇ ಅಲ್ವಾ? ಬೆಳಿಗ್ಗೆ ಝೂ, ಸಾಯಂಕಾಲ ಎಕ್ಸಿಬಿಷನ್ನು" ಅಂದಳು. ಸರಿಯಾಗೇ ಹೇಳಿದಳು. ಮಂಡ್ಯದಿಂದ ಪ್ಯಾಸೆಂಜರ್ ಹತ್ತಿಸಿಕೊಂಡು ಹೋಗುತ್ತಿದ್ದಿರಿ. ಝೂ ಮುಗಿಸಿ ಕಾಲೆಳೆದುಕೊಂಡು ದೊಡ್ಡಕೆರೆ ಮೈದಾನಕ್ಕೆ ಬರುವಷ್ಟರಲ್ಲಿ ದೀಪ ಹತ್ತಿರುತ್ತಿತ್ತು. ಮೊದಲು ತಟ್ಟೆಯಗಲದ ದೆಹಲಿ ಹಪ್ಪಳ, ಆಮೇಲೆ ಜಯಂಟ್ ವೀಲ್. ಗೇಟು ಎರಡು, ಟಿಕೆಟ್ ಎರಡು, ಅಷ್ಟೇ ವ್ಯತ್ಯಾಸ.

ನಿನ್ನೆ ಅವ್ವ ಐದು ಗಂಟೆಗೇ ಎದ್ದು ಪುಳಿಯೋಗರೆ ಕಲಸಿ, ಚಪಾತಿ ಬೇಯಿಸಿ, ಮೊಸರನ್ನಕ್ಕೆ ಒಗ್ಗರಣೆ ಹಾಕಿ ಇಟ್ಟಿದ್ದಳು. ಅಲ್ಲೇ ತಿನ್ನೋಕೆ ಸಿಗುತ್ತೆ ಅಂದರೆ ಕೇಳಬೇಕಲ್ಲ! 71ನೇ ನಂಬರ್ ಬಸ್ಸು ನೇರವಾಗಿ ಪಾರ್ಕಿನ ಬಾಗಿಲಿಗೇ ಹೋಗುತ್ತೆ. ಹನ್ನೊಂದು ವರ್ಷದ ಒಳಗಿನ ಮಕ್ಕಳಿಗೆ ಬಸ್ಸಿನಲ್ಲಿ ಚಾರ್ಜೇ ಇಲ್ಲ. ಇದು ಅವ್ವನಿಗೆ ಭಾರಿ ಹಿಡಿಸಿತು. ಮಹಡಿ ಬಸ್ಸಿನ ಮೇಲೆ, ಮುಂದಿನ ಸೀಟಿನಲ್ಲೇ ಕೂತಳು. ಸೀರೆ, ಅದರ ಮೇಲೆ ನನ್ನ ಸ್ವೆಟರ್, ಕಾಲಿಗೆ ಕ್ಯಾನ್ವಾಸ್ ಶೂ, ಮಡಿಲಲ್ಲಿ ಬುತ್ತಿ ಚೀಲ.

ಮೊದಲು ಗೊರಿಲ್ಲಾ ನೋಡಿದೆವು. ಮಕ್ಕಳು ಎರಡು ನಿಮಿಷ ನಿಂತು ಓಡಿದರು. ಅಲ್ಲಿ ಎಲ್ಲ ಮಕ್ಕಳೂ ಹಾಗೇ. ಕಣ್ಣೆಲ್ಲ ಮೇಲೆ ಹಾರುವ ಬಂಡಿಗಳ ಮೇಲೆ. ನನಗೆ ಅದೊಂದು ಸರಿ ಕಾಣಲಿಲ್ಲ. ಮೈಸೂರು ಝೂನಲ್ಲಿ ಬೇರೆ ಆಟ ಇಲ್ಲದ್ದರಿಂದಲೋ ಏನೋ, ಒಂದು ಜಿರಾಫೆ ಮುಂದೆ ಅರ್ಧ ಗಂಟೆ ನಿಂತರೂ ಬೇಜಾರಾಗುತ್ತಿರಲಿಲ್ಲ. ಅವ್ವ ಮಾತ್ರ ನಿಂತಳು. "ನಮ್ಮ ಪೋಲೋ ಹಿಂಗೇ ಕೂತಿರ್ತಿತ್ತು, ಕೈ ಕಟ್ಕೊಂಡು" ಅಂದಳು. ನಿಮಗೆ ಜ್ಞಾಪಕ ಇದೆಯಲ್ಲ? 1995ರಲ್ಲಿ ಡಬ್ಲಿನ್‌ನಿಂದ ಬಂದ ಗೊರಿಲ್ಲಾ. ಅದನ್ನು ನೋಡೋಕೆ ಅಂತಲೇ ಮುಂದಿನ ವರ್ಷ ನೀವು ನಮ್ಮನ್ನು ಕರೆದುಕೊಂಡು ಹೋಗಿದ್ದಿರಿ. 2014ರಲ್ಲಿ ಅದು ಸತ್ತಾಗ ಅವ್ವ ಫೋನಿನಲ್ಲಿ ಮೊದಲು ಹೇಳಿದ್ದು ಅದನ್ನೇ, ಆಮೇಲೆ ಮನೆ ಸುದ್ದಿ. 2021ರಲ್ಲಿ ಮೈಸೂರಿಗೆ ಜರ್ಮನಿಯಿಂದ ಎರಡು ಗೊರಿಲ್ಲಾ ಬಂದಿವೆ, ಥಾಬೋ ಮತ್ತು ಡೆಂಬಾ, ಎರಡೂ ಗಂಡು ಅಂದೆ. "ಎರಡೂ ಗಂಡೇ? ತರೋರಿಗೆ ಅಷ್ಟೂ ಗೊತ್ತಾಗಲ್ವಾ?" ಅಂದಳು. ಪಕ್ಕದಲ್ಲಿ ನಿಂತಿದ್ದ ಝೂ ಹುಡುಗಿಗೆ, ನಮ್ಮೂರ ಝೂ 1892ರದು, ನಿಮ್ಮದಕ್ಕಿಂತ ಹಿರಿಯದು ಅಂತ ನನ್ನ ಕೈಲಿ ಇಂಗ್ಲಿಷಿನಲ್ಲಿ ಹೇಳಿಸಿದಳು. ಆ ಹುಡುಗಿ ಪಾಪ ತುಂಬಾ ಮರ್ಯಾದೆಯಿಂದ ಕೇಳಿಸಿಕೊಂಡಳು.

ಪೆಂಗ್ವಿನ್ ಹತ್ತಿರ "ಐಸ್ ಎಲ್ಲೋ?" ಅಂತ ಹುಡುಕಿದಳು. ಇವು ಪೆರು, ಚಿಲಿ ಕಡೆಯ ಹಂಬೋಲ್ಟ್ ಪೆಂಗ್ವಿನ್ನು, ಇವಕ್ಕೆ ಐಸ್ ಬೇಡ ಅಂದರೆ ನಂಬಲಿಲ್ಲ. ಕರೆಂಟ್ ಉಳಿಸೋಕೆ ಹೀಗೆ ಹೇಳ್ತಾರೆ ಅಂತ ಈಗಲೂ ಅವಳ ಅನುಮಾನ.

ಆಮೇಲೆ ಆಟದ ಬಂಡಿಗಳು. ವ್ಯಾಂಪೈರ್ ಅಂತ ಒಂದಿದೆ, 1990ರಿಂದ ಓಡುತ್ತಿದೆಯಂತೆ. ಅದರ ಹಳಿ ಮೇಲಿದೆ, ಬಂಡಿ ಕೆಳಗೆ ನೇತಾಡುತ್ತಾ ಮರಗಳ ನಡುವೆ ನುಗ್ಗುತ್ತೆ. ಅದು ಬರ್ರನೆ ಹೋದಾಗಲೆಲ್ಲ ಅವ್ವ ತಲೆ ಬಗ್ಗಿಸುತ್ತಿದ್ದಳು. ನಿಮ್ಮ ಸೊಸೆ ಎರಡು ಸಲ ಹತ್ತಿ ಬಂದಳು. ಅವಳಿಗೆ ಇಷ್ಟು ಧೈರ್ಯ ಇದೆ ಅಂತ ಮದುವೆಯಾಗಿ ಹನ್ನೆರಡು ವರ್ಷಕ್ಕೆ ನನಗೆ ತಿಳಿಯಿತು. ಕ್ಯೂ ಅಂದರೆ ಜಾತ್ರೆ. ದುಡ್ಡು ಜಾಸ್ತಿ ಕೊಟ್ಟವರಿಗೆ ಬೇರೆ ಸಾಲು. "ಓ, ತಿರುಪತಿ ಮುನ್ನೂರು ರೂಪಾಯಿ ಟಿಕೆಟ್ಟು" ಅಂತ ಅವ್ವನಿಗೆ ತಕ್ಷಣ ಅರ್ಥವಾಯಿತು. ನಾವು ಧರ್ಮದರ್ಶನದ ಸಾಲಿನಲ್ಲೇ ನಿಂತೆವು.

ಡ್ರ್ಯಾಗನ್ಸ್ ಫ್ಯೂರಿ ಅನ್ನೋ ಬಂಡಿಯ ಹತ್ತಿರ ರಾಮಾಯಣ ಶುರುವಾಯಿತು. ನಾಲ್ಕು ಜನ ಕೂರುವ ದುಂಡನೆ ಬಂಡಿ. ಹಳಿ ಮೇಲೆ ಓಡುತ್ತಲೇ ಬುಗುರಿ ಹಾಗೆ ಸುತ್ತುತ್ತೆ. ಯಾವ ಕಡೆ ಭಾರ ಜಾಸ್ತಿಯೋ ಅದರ ಮೇಲೆ ಸುತ್ತೋ ರೀತಿ, ಒಂದು ಸಲದ ಹಾಗೆ ಇನ್ನೊಂದು ಸಲ ಇರಲ್ಲ. ಹತ್ತೋಕೆ ಮುಂಚೆ ಮಕ್ಕಳನ್ನು ಅಳೆಯುತ್ತಾರೆ. 120 ಸೆಂಟಿಮೀಟರ್ ಇರಬೇಕು. ದೊಡ್ಡವಳು ಪಾಸು. ಚಿಕ್ಕವನು ತುದಿಗಾಲಲ್ಲಿ ನಿಂತ. ಅಳೆಯುವ ಹುಡುಗ ನಗುತ್ತಲೇ ಹಿಮ್ಮಡಿ ತೋರಿಸಿದ. ಒಂದು ಗೇಣಿಗೆ ಸ್ವಲ್ಪ ಕಮ್ಮಿ ಬಿತ್ತು. ಅವ್ವ ಬಿಡಲಿಲ್ಲ. "ಕೂದಲು ಸೇರಿಸಿ ಅಳಿ ಕಂದ" ಅಂತ ಕನ್ನಡದಲ್ಲೇ ವಾದ ಮಾಡಿದಳು. ಆಗಲಿಲ್ಲ. ಚಿಕ್ಕವನು ಅಲ್ಲೇ ನೆಲಕ್ಕೆ ಕೂತು ಅಳೋಕೆ ಶುರು ಮಾಡಿದ. ನಿಮ್ಮ ಮೊಮ್ಮಗನ ಗಂಟಲು ನಿಮಗೆ ಗೊತ್ತೇ ಇದೆ.

ಅವ್ವ ಸುತ್ತ ಒಂದು ಸಲ ನೋಡಿದಳು. ಬುತ್ತಿ ಚೀಲ ತೆಗೆದು ನನ್ನ ಕೈಗೆ ಕೊಟ್ಟಳು. "ಹಿಡ್ಕೊ" ಅಂದಳು. ಅವನ ಕಣ್ಣೊರೆಸಿ, "ಬಾ ಮಗಾ, ನಾನೂ ನೀನೂ ಆ ನೀರಿನ ದೋಣಿಗೆ ಹೋಗಮ" ಅಂದಳು.

ಅಪ್ಪಾಜಿ, ಒಂದು ಕ್ಷಣ ನನಗೆ ಏನೂ ತೋಚಲಿಲ್ಲ. ಎಕ್ಸಿಬಿಷನ್ನಿನಲ್ಲಿ ನೀವು, ನಾನು, ಅಕ್ಕ, ತಂಗಿ ಜಯಂಟ್ ವೀಲ್ ಹತ್ತುತ್ತಿದ್ದೆವು. ಅವ್ವ ಕೆಳಗೆ. ಒಂದು ಕೈಯಲ್ಲಿ ನಮ್ಮ ಚಪ್ಪಲಿಗಳು, ಇನ್ನೊಂದರಲ್ಲಿ ನೀರಿನ ಕ್ಯಾನು. ಮೇಲಿಂದ ಬೇರೆ ಯಾರೂ ಗುರುತು ಸಿಗುತ್ತಿರಲಿಲ್ಲ, ಆ ಹಳದಿ ಕ್ಯಾನಿನಿಂದ ಅವ್ವ ಮಾತ್ರ ಗೊತ್ತಾಗುತ್ತಿದ್ದಳು. ಅವ್ವನಿಗೆ ಭಯ ಅಂತಲೇ ಇಷ್ಟು ವರ್ಷ ಅಂದುಕೊಂಡಿದ್ದೆ. ನಿನ್ನೆ ಕೇಳಿಯೇಬಿಟ್ಟೆ. "ಭಯ ಯಾಕ್ಲಾ? ನಿಮ್ಮಪ್ಪ ನಾಕೇ ಟಿಕೆಟ್ಟು ತರೋರು" ಅಂದಳು.

ಇದಕ್ಕೆ ಉತ್ತರ ನೀವೇ ಬರೆಯಿರಿ. ನಾನು ನಡುವೆ ಬರಲ್ಲ.

ಆ ನೀರಿನ ಆಟಕ್ಕೆ ಟೈಗರ್ ರಾಕ್ ಅಂತ ಹೆಸರು. ದೋಣಿ ಮೇಲಕ್ಕೆ ಹತ್ತಿ, ಕಲ್ಲಿನಂತೆ ಕಾಣುವ ದೊಡ್ಡ ಹುಲಿಮುಖದ ಬಾಯಿಂದ ದಡಕ್ಕನೆ ಜಾರಿ ನೀರಿಗೆ ಬೀಳುತ್ತೆ. ಅವ್ವ ಸೆರಗು ಬಿಗಿಯಾಗಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು, ಗದ್ದೆಗೆ ಇಳಿಯುವ ಹಾಗೆ. ಕನ್ನಡಕ ನನಗೆ ಕೊಟ್ಟಳು. ನಾನು ಬೇಲಿ ಪಕ್ಕ ಬುತ್ತಿ, ಕನ್ನಡಕ, ಎರಡು ಸ್ವೆಟರ್, ದೊಡ್ಡವಳ ಬೊಂಬೆ ಎಲ್ಲ ಹಿಡಿದುಕೊಂಡು ನಿಂತೆ. ದೋಣಿ ಬಿತ್ತು. ಎಲ್ಲರೂ ಕಿರುಚಿದರು. ಅವ್ವನ ಧ್ವನಿ ಕೇಳಲಿಲ್ಲ. ಏನಾಯಿತೋ ಅಂತ ನಾನು ಓಡಿದೆ. ನೀರು ತೊಟ್ಟಿಕ್ಕಿಸುತ್ತಾ ಮೆಟ್ಟಿಲಿಳಿದು ಬಂದಳು. ಮುಖ ಒರೆಸಿಕೊಂಡು ಕೇಳಿದ್ದು ಒಂದೇ ಮಾತು: "ಇನ್ನೊಂದು ಸಲಕ್ಕೆ ಮತ್ತೆ ದುಡ್ಡು ಕೊಡಬೇಕಾ?"

ಬೇಡ ಅಂದೆ. ಮೂರು ಸಲ ಹೋದಳು. ಮೂರನೇ ಸಲ ಚಿಕ್ಕವನು ಸಾಕು ಅಂದ, ಅವಳೇ ಎಳೆದುಕೊಂಡು ಹೋದಳು.

ಒದ್ದೆ ಸೀರೆಯಲ್ಲೇ ಹುಲ್ಲಿನ ಮೇಲೆ ಕೂತು ಪುಳಿಯೋಗರೆ ತಿಂದೆವು. ಬಿಸಿಲು ಬಂತು, ಪುಣ್ಯ. ಸ್ವಲ್ಪ ನೆಗಡಿಯಾಗಿದೆ, ಮೆಣಸಿನ ಸಾರು ಮಾಡಿಕೊಂಡು ಕುಡಿದಿದ್ದಾಳೆ, ನೀವು ಗಾಬರಿಯಾಗಬೇಡಿ.

ಅಲ್ಲಿನ ವಿಷಯ ಬರೆಯಿರಿ. ಕನ್ನಂಬಾಡಿ ಕಟ್ಟೆ 124.80 ಅಡಿ ಮುಟ್ಟಿತಾ? ನಾಲೆಗೆ ನೀರು ಬಿಟ್ಟಿದ್ದಾರಾ, ನಾಟಿ ಮುಗಿಯಿತಾ? ಕಬ್ಬು ಯಾವ ಫ್ಯಾಕ್ಟರಿಗೆ ಅಂತ ತೀರ್ಮಾನ ಆಯಿತಾ? ಕೆಂದ ಹಸುವಿನ ಕೆಚ್ಚಲು ಬಾವು ಇಳಿಯದಿದ್ದರೆ ಡಾಕ್ಟರನ್ನು ಕರೆಸಲೇಬೇಕಂತೆ, ಅರಿಶಿನ ಹಚ್ಚಿಕೊಂಡು ಕೂರಬಾರದಂತೆ. ಇದು ಅವ್ವನ ಅಪ್ಪಣೆ. ಅವ್ವ ದಸರಾಕ್ಕೆ ಮುಂಚೆ ಊರಿಗೆ ಬರುತ್ತಾಳೆ, ಟಿಕೆಟ್ ಆಗಿದೆ.

ಈಗ ಫೋಟೋ ತೆಗೆಯಿರಿ. ದೋಣಿ ಜಾರುವಾಗ ಕ್ಯಾಮೆರಾ ತಾನೇ ಹಿಡಿಯುತ್ತೆ, ಕೆಳಗೆ ಕೌಂಟರಿನಲ್ಲಿ ಮಾರುತ್ತಾರೆ. ಹಿಂದಿನ ಸೀಟಿನವರ ಬಾಯೆಲ್ಲ ತೆರೆದಿದೆ. ಅವ್ವ ಮಾತ್ರ ಕಣ್ಣು ಮುಚ್ಚಿ, ಬಾಯಿ ಬಿಗಿದು, ಒಂದು ಕೈಯಲ್ಲಿ ತಾಳಿ ಹಿಡಿದಿದ್ದಾಳೆ. ಇನ್ನೊಂದು ಕೈಯಲ್ಲಿ ಮೊಮ್ಮಗನ ಕಾಲರ್. ಇದನ್ನು ಊರಿಗೆ ಕಳಿಸಬೇಡ ಅಂತ ನನ್ನ ಹತ್ತಿರ ಆಣೆ ಹಾಕಿಸಿಕೊಂಡಿದ್ದಾಳೆ. ಹಾಗಾಗಿ ಟಿವಿ ಸ್ಟ್ಯಾಂಡಿಗೆ ಸಿಕ್ಕಿಸಬೇಡಿ. ಡೇರಿಗೆ ಹಾಲು ಹಾಕೋಕೆ ಹೋಗುವಾಗ ಜೇಬಿನಲ್ಲಿ ಇಟ್ಟುಕೊಂಡು ಹೋಗಬೇಡಿ. ಬೀರುವಿನಲ್ಲಿ ಪಹಣಿ ಇಡುವ ಕವರಿನೊಳಗೆ ಇಡಿ, ಅದನ್ನು ಅವ್ವ ತೆಗೆಯಲ್ಲ.

ಇಂತಿ ನಿಮ್ಮ ಮಗ