ಕೈ ಮಲಗಿಸಿದ ಡಾಕ್ಟರಿಗೆ

ಮೊನ್ನೆ ನಮ್ಮನೆಯಲ್ಲಿ ಚಕ್ಕುಲಿ ಕಂಬಳ. ಚೌತಿಗೆ ಮುಂಚೆ ನಮ್ಮ ಶಿರಸಿ ಕಡೆ ಹಳ್ಳಿಗಳಲ್ಲಿ ಅಕ್ಕಪಕ್ಕದವರೆಲ್ಲ ಸೇರಿ ಕೈಯಲ್ಲೇ ಚಕ್ಕುಲಿ ಸುತ್ತುತ್ತೇವೆ, ಗೊತ್ತಲ್ಲ. ನಾನೂ ಕೂತು ಸುತ್ತಿದೆ. ಬಲಗೈಯಿಂದ! ಅದಕ್ಕೇ ಈ ಬರಹ.

ಜೂನ್ ಮೊದಲ ವಾರ ಅಡಿಕೆಯ ಕೊಳೆರೋಗಕ್ಕೆ ಮದ್ದು ಹೊಡೆಸಲು ತೋಟಕ್ಕೆ ಹೊರಟವನು ಕಾಲುಸಂಕದ ಮೇಲೆ ಜಾರಿದೆ. ಅಡಿಕೆ ಮರದಿಂದ ಬಿದ್ದ ಅಂತ ಊರೆಲ್ಲ ಸುದ್ದಿ. ಅಷ್ಟು ದೊಡ್ಡ ಸಾಹಸ ಏನೂ ಮಾಡಿರಲಿಲ್ಲ. ಮಣಿಕಟ್ಟಿನ ಹತ್ತಿರ ಎರಡೂ ಎಲುಬು ಮುರಿದಿದ್ದವು. ಪ್ಲೇಟ್ ಹಾಕಬೇಕು ಅಂದರು. ನನಗೆ ಚಿಕ್ಕಂದಿನಿಂದ ದಮ್ಮು. ಎಚ್ಚರ ತಪ್ಪಿಸಿದರೆ ಮತ್ತೆ ಉಸಿರು ಸರಿಯಾಗಿ ಬರುತ್ತದೋ ಇಲ್ಲವೋ ಅನ್ನುವುದೇ ಹೆದರಿಕೆ. ಹುಬ್ಬಳ್ಳಿಗೆ ಹೋಗು ಅಂದವರೇ ಜಾಸ್ತಿ. ಆ ಮಳೆಯಲ್ಲಿ ನೂರು ಕಿಲೋಮೀಟರ್!

ಅರಿವಳಿಕೆ ಡಾಕ್ಟರ್ ಮೇಡಂ ಮಂಚದ ಪಕ್ಕ ಕುರ್ಚಿ ಎಳೆದು ಕೂತರು. "ನಿಮ್ಮನ್ನು ಮಲಗಿಸುವುದಿಲ್ಲ, ನಿಮ್ಮ ಕೈಯನ್ನಷ್ಟೇ ಮಲಗಿಸುತ್ತೇನೆ" ಅಂದರು. ಕುತ್ತಿಗೆಯಿಂದ ಕೈಗೆ ಇಳಿಯುವ ನರಗಳ ಒಂದು ಕಟ್ಟು ಇದೆಯಂತೆ. ಅದರ ಸುತ್ತ ಮದ್ದು ಬಿಟ್ಟರೆ ಕೈಯ ಸುದ್ದಿ ತಲೆಗೆ ಹೋಗುವುದೇ ಇಲ್ಲ. ಕೊರಳೆಲುಬಿನ ಮೇಲೂ ಚುಚ್ಚಬಹುದು. ಆದರೆ ಅಲ್ಲಿ ಕೊಟ್ಟ ಮದ್ದು ವಪೆಯ, ಅಂದರೆ ಎದೆಗೂಡಿನಡಿ ಉಸಿರಾಡಿಸುವ ಸ್ನಾಯುವಿನ, ನರಕ್ಕೂ ತಾಗಿ ಅದರ ಒಂದು ಬದಿ ಕೆಲವು ತಾಸು ಸುಮ್ಮನಾಗಬಹುದು. ಗಟ್ಟಿ ಜೀವಕ್ಕೆ ಅದು ಅಷ್ಟಾಗಿ ಗೊತ್ತಾಗುವುದಿಲ್ಲ, ದಮ್ಮಿನವನಿಗೆ ಕಷ್ಟ. ಹಾಗಾಗಿ ನನಗೆ ಕಂಕುಳಲ್ಲಿ ಕೊಟ್ಟರು.

ಸ್ಕ್ಯಾನಿಂಗ್ ಪರದೆಯನ್ನು ನನ್ನ ಕಡೆಗೂ ತಿರುಗಿಸಿದ್ದರು. ನಡುವೆ ಮಿಡಿಯುತ್ತಿದ್ದ ಕರಿ ಉರುಟು ರಕ್ತನಾಳ. ಸುತ್ತ ಜೇನುತಟ್ಟಿಯ ಚೂರುಗಳ ಹಾಗೆ ನರಗಳು. ಸೂಜಿ ಹೋಗುವುದೂ ಕಾಣುತ್ತಿತ್ತು. ತುಟಿ ಜುಮ್ ಅಂದರೆ, ಕಿವಿ ಗುಂಯ್ ಅಂದರೆ ಕೂಡಲೇ ಹೇಳಿ ಅಂದಿದ್ದರು. ಮದ್ದು ರಕ್ತಕ್ಕೆ ಜಾಸ್ತಿ ಸೇರಿದರೆ ಹಾಗಾಗುತ್ತದಂತೆ. ನಾನು ತುಟಿ ಮುಟ್ಟಿ ಮುಟ್ಟಿ ನೋಡಿಕೊಂಡೆ. ಏನೂ ಆಗಲಿಲ್ಲ. ಅರ್ಧ ತಾಸಿಗೆ ಸ್ಪಿರಿಟ್ ಹತ್ತಿ ಉಜ್ಜಿದರೂ ಕೈಗೆ ತಂಪು ಗೊತ್ತಿಲ್ಲ. ಆಮೇಲೆ ಡ್ರಿಲ್ ಸದ್ದು ಕೇಳಿತು, ಶೀಟಿನ ಮೇಲೆ ಮಳೆ ಕೇಳಿತು. ನೋವಿಲ್ಲ.

ಆಪರೇಷನ್ ಮಾಡಿದ ಡಾಕ್ಟರ ಹೆಸರು ಎಲ್ಲರಿಗೂ ನೆನಪಿರುತ್ತದೆ. ಅರಿವಳಿಕೆ ಕೊಟ್ಟವರ ಮುಖ ಯಾರಿಗೆ ನೆನಪಿರುತ್ತದೆ? ರೋಗಿ ನಿದ್ದೆಯಲ್ಲಿರುತ್ತಾನೆ, ಅಲ್ವಾ. ನಾನು ಎಚ್ಚರವಿದ್ದೆ, ನೋಡಿದೆ. ಮೇಡಂ ಕೊನೆವರೆಗೂ ನನ್ನ ತಲೆಯ ಹತ್ತಿರದಿಂದ ಅಲುಗಲಿಲ್ಲ.

ಇನ್ನು ನನ್ನ ಜಾಣತನ. ನೋವಿರಲಿ ಬಿಡಲಿ, ರಾತ್ರಿ 9ಕ್ಕೆ ಮಾತ್ರೆ ನುಂಗಿ ಅಂದಿದ್ದರು. ಕೈ ಬಾಳೆದಿಂಡಿನ ಹಾಗೆ ಬಿದ್ದುಕೊಂಡಿತ್ತು. ಒಮ್ಮೆ ಜೋಳಿಗೆಯಿಂದ ಜಾರಿ ನನ್ನ ಮೂಗಿಗೇ ಬಡಿಯಿತು, ಯಾರದ್ದೋ ಕೈ ಅಂತ ಬೆಚ್ಚಿಬಿದ್ದೆ. ನೋವೇ ಇಲ್ಲದ ಮೇಲೆ ಸುಮ್ನೆ ಮಾತ್ರೆ ಯಾಕೆ ಅಂತ ದಿಂಬಿನಡಿ ಇಟ್ಟೆ. ರಾತ್ರಿ 2ಕ್ಕೆ ಮದ್ದು ಇಳಿಯಿತು. ಅಬ್ಬಾ! ಒಡ್ಡು ಒಡೆದ ಹಾಗೆ ನುಗ್ಗಿತು ನೋವು. ಅದು ಬರುವ ಮೊದಲೇ ಮಾತ್ರೆ ಹೊಟ್ಟೆಯಲ್ಲಿರಬೇಕಿತ್ತು. ನೀವು ಯಾರಾದರೂ ಹೀಗೆ ಕೈಯನ್ನಷ್ಟೇ ಮಲಗಿಸುವ ಅರಿವಳಿಕೆ (ಇದಕ್ಕೆ ಬ್ಲಾಕ್ ಅನ್ನುತ್ತಾರೆ) ತೆಗೆದುಕೊಂಡರೆ ಡಾಕ್ಟರು ಹೇಳಿದ ಹೊತ್ತಿಗೇ ನುಂಗಿಬಿಡಿ, ಮಾರಾಯ್ರೇ. ದಿಂಬಿನಡಿ ಮಾತ್ರೆ ಕಂಡರೂ ಬೈಯದೆ ಬೆಳಗಿನವರೆಗೆ ನಾಲ್ಕು ಸಲ ಬಂದು ನೋಡಿದ ನರ್ಸಮ್ಮನಿಗೆ ಕೈ ಮುಗಿಯುತ್ತೇನೆ. ಈಗ ಎರಡೂ ಕೈ ಸೇರುತ್ತವೆ.

ಮಳೆಯಲ್ಲಿ ಕಾರು ಓಡಿಸಿದ ಆಚೆಮನೆ ಭಾವ, ನಾನಿಲ್ಲದೆಯೂ ತೋಟಕ್ಕೆ ಮದ್ದು ಹೊಡೆದು ಮುಗಿಸಿದ, ಅಡಿಕೆ ಮರ ಹತ್ತುವ ಕೊನೆಗೌಡ, ಎಡಗೈಯಲ್ಲಿ ಉಣ್ಣುವಾಗ ನಗು ತಡೆದುಕೊಂಡ ಹೆಂಡತಿ, ಎಲ್ಲರ ಋಣವೂ ಇದೆ.

ಮೇಡಂ, ನಿನ್ನೆ ಬಂದಾಗ ನೀವು ಥಿಯೇಟರಿನಲ್ಲಿದ್ದಿರಿ. ಚಕ್ಕುಲಿ ಡಬ್ಬಿ ಕೌಂಟರಿನಲ್ಲಿ ಕೊಟ್ಟು ಬಂದೆ. ಅದರಲ್ಲಿ ಸೊಟ್ಟಗಿರುವವು ನಾನು ಸುತ್ತಿದ್ದು.