ಎದುರಾಳಿ ಅಂದರೆ ನನಗ್ಯಾಕೆ ಅಷ್ಟು ಇಷ್ಟ: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಮೊನ್ನೆ ಫೋನಿನಲ್ಲಿ ಕೇಳಿದೆಯಲ್ಲ, "ಆ ಜಪಾನಿನ ಹುಡುಗರ ಕಾಮಿಕ್ಸ್‌ನಲ್ಲಿ ಅಂಥದ್ದೇನಿದೆ ಮಾರಾಯ? ಒಬ್ಬ ಹುಡುಗ, ಒಂದು ಪಂದ್ಯ, ಸೋಲು, ಅಭ್ಯಾಸ, ಆಮೇಲೆ ಗೆಲುವು. ಎಲ್ಲದರಲ್ಲೂ ಅದೇ ಅಲ್ವಾ?" ಅಂತ. ಹೌದು, ಅದೇ. ಆದರೆ ಅಲ್ಲಿ ಎದುರಾಳಿ ಅಂತ ಒಬ್ಬ ಇರುತ್ತಾನೆ ನೋಡು, ನನ್ನನ್ನು ಹಿಡಿದಿಟ್ಟಿರುವುದು ಅವನು. ಫೋನಿನಲ್ಲಿ ಸರಿಯಾಗಿ ಹೇಳೋಕಾಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

'ಅಶಿತಾ ನೋ ಜೋ' ಅನ್ನುವ ಬಾಕ್ಸಿಂಗ್ ಕಥೆ 1968ರಲ್ಲಿ 'ಶೋನೆನ್ ಮ್ಯಾಗಜೀನ್' ವಾರಪತ್ರಿಕೆಯಲ್ಲಿ ಶುರುವಾಯಿತು. ಕಥೆ ಇಕ್ಕಿ ಕಾಜಿವಾರಾ ಅವರದು, ಚಿತ್ರ ತೆತ್ಸುಯಾ ಚಿಬಾ ಅವರದು. ಟೋಕಿಯೋದ ದಿನಗೂಲಿಯವರ ಕೇರಿಗೆ ಜೋ ಅನ್ನುವ ದಿಕ್ಕಿಲ್ಲದ ಹುಡುಗ ಬಂದು ಸೇರುತ್ತಾನೆ. ಅಲ್ಲಿ ದಾನ್‌ಪೇಯಿ ಅಂತ ಒಬ್ಬ ಮಾಜಿ ಬಾಕ್ಸರ್ ಇದ್ದಾನೆ, ಒಂದು ಕಣ್ಣು ಹೋಗಿದೆ, ಸದಾ ಕುಡಿತ. ಜೋ ಮೋಸ ಮಾಡಿ ಸೆರೆ ಸೇರಿದಾಗ ಈ ದಾನ್‌ಪೇಯಿ ಒಂದು ಪೋಸ್ಟ್‌ಕಾರ್ಡ್ ಬರೆಯುತ್ತಾನೆ. ಅದರಲ್ಲಿ ಎಡಗೈ ಜಾಬ್, ಅಂದರೆ ಚುರುಕಾದ ನೇರ ಏಟು, ಹೊಡೆಯುವುದು ಹೇಗೆ ಅಂತ ಪಾಠ! ಮೊಣಕೈಯನ್ನು ಪಕ್ಕೆಯಿಂದ ದೂರ ಬಿಡಬೇಡ, ಗುರಿ ಸ್ವಲ್ಪ ಒಳಗಡೆಗಿರಲಿ, ತೋಡಿ ತೆಗೆಯುವ ಹಾಗೆ ಹೊಡೆ. ಜೋಗೆ ಮೊದಲು ಅದರಲ್ಲಿ ಆಸಕ್ತಿಯೇ ಇಲ್ಲ. ಬೇಜಾರಾಗಿ ಸುಮ್ನೆ ಒಂದು ಸಲ ಹಾಗೆ ಹೊಡೆದು ನೋಡುತ್ತಾನೆ. ಕೈಯ ವೇಗವೇ ಬದಲಾಗಿರುತ್ತದೆ. ಅದನ್ನು ಓದಿ ಗಾಳಿಗೆ ಒಂದೆರಡು ಏಟು ಹೊಡೆಯದ ಹುಡುಗ ಇರಲಿಕ್ಕಿಲ್ಲ. ನಾನಂತೂ ಹೊಡೆದಿದ್ದೇನೆ.

ಬಾಲಾಪರಾಧಿಗಳ ಶಾಲೆಯಲ್ಲಿ ಜೋಗೆ ರಿಕಿಯಿಶಿ ಸಿಗುತ್ತಾನೆ. ಅವನು ಮೊದಲೇ ವೃತ್ತಿಪರ ಬಾಕ್ಸರ್. ಚಿಬಾ ಅವನನ್ನು ಜೋಗಿಂತ ತುಂಬಾ ಎತ್ತರಕ್ಕೆ, ದಪ್ಪಕ್ಕೆ ಬರೆದುಬಿಟ್ಟರು. ಇವನೇ ಮುಂದೆ ಜೋನ ದೊಡ್ಡ ಎದುರಾಳಿ ಆಗುತ್ತಾನೆ ಅಂತ ಅವರಿಗೆ ಆಗ ಗೊತ್ತಿರಲಿಲ್ಲ. ಬಾಕ್ಸಿಂಗ್‌ನಲ್ಲಿ ತೂಕ ಒಂದೇ ವರ್ಗದಲ್ಲಿರಬೇಕಲ್ಲ? ಈಗೇನು ಮಾಡುವುದು? ಕಥೆಯಲ್ಲಿ ರಿಕಿಯಿಶಿಯೇ ತೂಕ ಇಳಿಸಬೇಕಾಯಿತು. ಆ ಭಾಗ ಓದುವಾಗ ನನಗೇ ಗಂಟಲು ಒಣಗುತ್ತದೆ ಕಣೋ. ಊಟ ಬಿಟ್ಟ, ನೀರೂ ಬಿಟ್ಟ. ಕೆನ್ನೆ ಒಳಗೆ ಹೋಗಿ ಮೂಳೆ ಎದ್ದು ಕಾಣುತ್ತದೆ. ಒಂದು ರಾತ್ರಿ ತಡೆಯಲಾರದೆ ನಲ್ಲಿಗಳ ಹತ್ತಿರ ಓಡುತ್ತಾನೆ. ಎಲ್ಲ ನಲ್ಲಿಗಳಿಗೂ ತಂತಿ ಬಿಗಿದಿದ್ದಾರೆ. ಯೋಕೋ ಅನ್ನುವವಳು ಕನಿಕರದಿಂದ ಒಂದು ಲೋಟ ಬಿಸಿನೀರು ತಂದುಕೊಡುತ್ತಾಳೆ. ಅವನು ಅದನ್ನು ನೆಲಕ್ಕೆ ಸುರಿದುಬಿಡುತ್ತಾನೆ.

ಇಷ್ಟೆಲ್ಲ ಯಾಕೆ? ಜೋ ಜೊತೆ ಒಂದು ಸಲ ಸಮಸಮವಾಗಿ ಆಡಬೇಕು ಅಂತ. ಯಾರ ಬಲವಂತವೂ ಇಲ್ಲ, ಪ್ರಶಸ್ತಿಯ ಆಸೆಯೂ ಇಲ್ಲ. ಒಬ್ಬ ಮನುಷ್ಯನನ್ನು ಇದಕ್ಕಿಂತ ಜಾಸ್ತಿ ಗೌರವಿಸುವುದು ಹೇಗೆ ಅಂತ ನನಗೆ ಇವತ್ತಿಗೂ ಹೊಳೆದಿಲ್ಲ. ಪಂದ್ಯದಲ್ಲಿ ರಿಕಿಯಿಶಿ ಗೆಲ್ಲುತ್ತಾನೆ. ಜೋನ ಕೈ ಕುಲುಕಲು ಕೈ ಚಾಚುತ್ತಾನೆ, ಹಾಗೇ ಕುಸಿದು ಬೀಳುತ್ತಾನೆ. ಮತ್ತೆ ಏಳುವುದಿಲ್ಲ.

1970ರ ಮಾರ್ಚ್ 24ರಂದು ಟೋಕಿಯೋದಲ್ಲಿ, ಪ್ರಕಾಶಕರಾದ ಕೋದಾನ್‌ಶಾ ಕಟ್ಟಡದಲ್ಲೇ, ರಿಕಿಯಿಶಿಗೆ ಅಂತ್ಯಕ್ರಿಯೆ ಮಾಡಿದರು. ಕವಿ, ನಾಟಕಕಾರ ಶೂಜಿ ತೆರಾಯಾಮಾ ಮುಂದೆ ನಿಂತು ನಡೆಸಿದ್ದು. ಸುಮಾರು 700 ಜನ ಬಂದಿದ್ದರು. ಕಾಗದದ ಮೇಲೆ ಗೆರೆಯಲ್ಲಿ ಬರೆದ ಹುಡುಗ, ಅದೂ ನಾಯಕನೂ ಅಲ್ಲ! ಇನ್ನು ಜೋ? ಆ ಸಾವಿನ ನಂತರ ಎದುರಾಳಿಯ ತಲೆಗೆ ಹೊಡೆಯಲು ಅವನ ಕೈಯೇ ಏಳುವುದಿಲ್ಲ. ಕಥೆ 1973ರವರೆಗೆ ನಡೆಯಿತು, ರಿಕಿಯಿಶಿ ಕೊನೆವರೆಗೂ ಅದರೊಳಗೆ ಇದ್ದೇ ಇದ್ದಾನೆ.

ನೀನು ಹೇಳುವ ಆ 'ಒಂದೇ ಥರ'ಕ್ಕೆ ಕಾರಣವೂ ಇದೆ. ಇವೆಲ್ಲ ವಾರವಾರ ಹತ್ತೊಂಬತ್ತು ಇಪ್ಪತ್ತು ಪುಟ ಬರುವ ಧಾರಾವಾಹಿಗಳು. 'ಶೋನೆನ್ ಜಂಪ್' ಪತ್ರಿಕೆಯಲ್ಲಿ ಯಾವ ಕಥೆ ಇಷ್ಟವಾಯಿತು ಅಂತ ಹುಡುಗರೇ ಕಾರ್ಡ್ ತುಂಬಿ ಕಳಿಸುತ್ತಿದ್ದರು. ಹಿಂದೆ ಬಿದ್ದ ಕಥೆ ನಿಂತೇ ಹೋಗುತ್ತಿತ್ತು. ಅಕಿರಾ ತೋರಿಯಾಮಾ ಅವರ 'ಡ್ರ್ಯಾಗನ್ ಬಾಲ್'ಗೂ ಮೊದಮೊದಲು ಓದುಗರು ಕಡಿಮೆಯಾದಾಗ, ಸಮರಕಲೆಯ ಪಂದ್ಯಾವಳಿ ತಂದ ಮೇಲೆ ಜೀವ ಬಂತು. ಆದರೆ ಅದರಲ್ಲಿ ಬರಬರುತ್ತಾ ಪ್ರತಿಯೊಬ್ಬ ಖಳನೂ ಹಿಂದಿನವನಿಗಿಂತ ಬಲಶಾಲಿ ಆಗಲೇಬೇಕು. ಕೊನೆಕೊನೆಗೆ ನನಗೆ ಸಾಕಾಗುತ್ತದೆ. ಹುಡುಗಿಯರಿಗಂತೂ ಈ ಕಥೆಗಳು ನ್ಯಾಯ ಮಾಡಿದ್ದು ಕಡಿಮೆ. ಅವರು ಹೆಚ್ಚಾಗಿ ಅಂಚಿನಲ್ಲಿ ನಿಂತು ನೋಡುವವರೇ.

ಓದಬೇಕು ಅನ್ನಿಸಿದರೆ ತಾಕೆಹಿಕೋ ಇನೋಯೆ ಅವರ 'ಸ್ಲ್ಯಾಮ್ ಡಂಕ್' ಹಿಡಿ. 1990ರಿಂದ 1996ರವರೆಗೆ ಬಂದದ್ದು, ಬಾಸ್ಕೆಟ್‌ಬಾಲ್ ಕಥೆ. ಸಾಕುರಾಗಿ ಅನ್ನುವ ಕೆಂಪು ಕೂದಲಿನ ಪುಂಡ ಒಂದು ಹುಡುಗಿಗಾಗಿ ತಂಡ ಸೇರುತ್ತಾನೆ. ಇಲ್ಲಿ ಎದುರಾಳಿ ಅವನದೇ ತಂಡದಲ್ಲಿದ್ದಾನೆ, ರುಕಾವಾ. ಇಬ್ಬರಿಗೂ ಆಗಿಬರುವುದಿಲ್ಲ, ಒಬ್ಬ ಇನ್ನೊಬ್ಬನಿಗೆ ಚೆಂಡು ಕೊಡುವುದೂ ಇಲ್ಲ. ಒಂದು ಹಂತದಲ್ಲಿ ಸಾಕುರಾಗಿ 20,000 ಸಲ ಚೆಂಡು ಎಸೆದು ಅಭ್ಯಾಸ ಮಾಡುತ್ತಾನೆ. ಚೆಂಡು ಎಸೆಯುವಾಗ ಎಡಗೈ ಬರೀ ಆಸರೆಗೆ ಅನ್ನುವ ಪಾಠವನ್ನೂ ಕಲಿತಿರುತ್ತಾನೆ. ಕೊನೆಯ ದೊಡ್ಡ ಪಂದ್ಯದ ಕೊನೆಯ ಕ್ಷಣಗಳಲ್ಲಿ ಪುಟ ಮೇಲೆ ಪುಟ ಸಂಭಾಷಣೆಯೇ ಇಲ್ಲ. ಬೂಟಿನ ಸದ್ದನ್ನೂ ಬರೆದಿಲ್ಲ. ಮಧ್ಯೆ ಆ ಎಡಗೈ ಪಾಠ ಮಾತ್ರ ಸಾಕುರಾಗಿಯ ಬಾಯಲ್ಲಿ ಬರುತ್ತದೆ. ರುಕಾವಾ ಆಗ ಏನು ಮಾಡುತ್ತಾನೆ ಅಂತ ಹೇಳಿದರೆ ನಿನ್ನ ಸುಖ ಹಾಳಾಗುತ್ತದೆ, ಅಲ್ವಾ?

ಇಂಗ್ಲಿಷಿನಲ್ಲಿ 31 ಸಂಪುಟ ಸಿಗುತ್ತವೆ. ಪುಸ್ತಕವನ್ನು ಬಲಗಡೆಯಿಂದ ತೆರೆಯಬೇಕು, ಚೌಕಗಳನ್ನೂ ಬಲದಿಂದ ಎಡಕ್ಕೆ ಓದಬೇಕು. ಒಂದೆರಡು ಅಧ್ಯಾಯದಲ್ಲಿ ಕಣ್ಣಿಗೆ ರೂಢಿಯಾಗುತ್ತದೆ. ಮೊದಲ ಸಂಪುಟಗಳಲ್ಲಿ ಹೊಡೆದಾಟ, ತಮಾಷೆ ಜಾಸ್ತಿ, ಅಲ್ಲೇ ಬಿಟ್ಟುಬಿಡಬೇಡ. ಆ ಪಂದ್ಯದವರೆಗೆ ಬಂದ ಮೇಲೆ ಎಷ್ಟು ಹೊತ್ತಾಗಿದ್ದರೂ ಸರಿ, ಫೋನ್ ಮಾಡು.

ನಿನ್ನ ಗೆಳೆಯ